ಲಂಡನ್ನಿನ ವರದಿ ಬೇಡ, ಬೆಂಗಳೂರಿನ ಕಡತ ತೋರಿಸಿ

ಮಾನ್ಯ ಸಂಪಾದಕರೇ,

ವಿದೇಶಿ ಕಾನೂನು ಸಂಸ್ಥೆಗಳು ನೋಂದಣಿ ಮಾಡಿಸಿಕೊಂಡು ಇಲ್ಲಿ ಸೀಮಿತ ಕೆಲಸ ಮಾಡಬಹುದು ಎಂಬ ನಿಯಮಗಳನ್ನು ಭಾರತೀಯ ವಕೀಲರ ಪರಿಷತ್ತು 2023ರ ಮಾರ್ಚ್‌ನಲ್ಲಿ ಪ್ರಕಟಿಸಿ, 2025ರ ಮೇನಲ್ಲಿ ತಿದ್ದಿತು. ಅಲ್ಲಿಂದೀಚೆಗೆ ಚರ್ಚೆಯೆಲ್ಲ ನಮ್ಮ ವಕೀಲರ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದರ ಸುತ್ತಲೇ ತಿರುಗುತ್ತಿದೆ. ಅಂತಹ ಸಂಸ್ಥೆಗಳ ಬೆಂಗಳೂರಿನ ಕಚೇರಿಗಳಲ್ಲಿ ಕೂತು ಕೆಲಸ ಮಾಡುವವರ ವಿಚಾರ ಯಾರೂ ಎತ್ತುತ್ತಿಲ್ಲ. ಕಾರ್ಮಿಕ ಮತ್ತು ಕಂಪನಿ ಕಾನೂನಿನ ಕಡತಗಳನ್ನು ದಿನವೂ ನೋಡುವವರಾಗಿ, ಆ ಕಚೇರಿಗಳ ಸಮಾನತೆ, ಒಳಗೊಳ್ಳುವಿಕೆ, ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಕೆಲವು ವಿವರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ವಿದೇಶಿ ಸಂಸ್ಥೆಯೊಂದು ನಮ್ಮ ನ್ಯಾಯಾಲಯಗಳಲ್ಲಿ ವಾದಿಸುವಂತಿಲ್ಲ, ಭಾರತದ ಕಾನೂನಿನ ಬಗ್ಗೆ ಸಲಹೆ ಕೊಡುವಂತಿಲ್ಲ. ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಸ್ಪಷ್ಟಪಡಿಸಿತು. ಟೈಪಿಂಗ್, ಪ್ರೂಫ್ ನೋಡುವುದು, ಕಾರ್ಯದರ್ಶಿ ಕೆಲಸದಂತಹ ಹೊರಗುತ್ತಿಗೆ ಸೇವೆಗಳಿಗೆ ವಕೀಲರ ಕಾಯ್ದೆ ಅಡ್ಡಬರುವುದಿಲ್ಲ ಎಂದೂ ಅದೇ ತೀರ್ಪು ಹೇಳಿತು. ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕ್‌ಗಳಲ್ಲಿ ಇಂತಹ ಕೆಲಸಕ್ಕೆಂದೇ ಇರುವ ಕೇಂದ್ರಗಳು ನಿಂತಿರುವುದು ಆ ತೀರ್ಪು ಬಿಟ್ಟುಕೊಟ್ಟ ಈ ಅವಕಾಶದ ಮೇಲೆ. ದಾಖಲೆ ಪರಿಶೀಲನೆ, ಬಿಲ್ಲಿಂಗ್, ಐಟಿ, ಹಿತಾಸಕ್ತಿ ಸಂಘರ್ಷದ ತಪಾಸಣೆ ಎಲ್ಲವೂ ಇಲ್ಲಿಂದ ಆಗುತ್ತದೆ. ಹೆಸರು ಜಾಗತಿಕ ಕಾನೂನು ಸಂಸ್ಥೆಯದ್ದಾದರೂ ನೇಮಕಾತಿ ಪತ್ರ ಕೊಡುವುದು ಸಾಮಾನ್ಯವಾಗಿ ಇಲ್ಲಿಯ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ.

ಸಂಸ್ಥೆಯ ಜಾಲತಾಣದಲ್ಲಿ ಸುಂದರವಾದ ಸಮಾನತಾ ವರದಿ ಇರುತ್ತದೆ. ಅದರಲ್ಲಿ ಬೆಂಗಳೂರು ಎಲ್ಲಿದೆ ಎಂದು ಹುಡುಕಿ ನೋಡಿ. ಬ್ರಿಟನ್ನಿನಲ್ಲಿ 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಗಂಡು ಹೆಣ್ಣಿನ ವೇತನದ ಅಂತರವನ್ನು ಪ್ರತಿ ವರ್ಷ ಪ್ರಕಟಿಸಬೇಕೆಂಬ ನಿಯಮ 2017ರಿಂದ ಇದೆ. ಆ ಲೆಕ್ಕದಲ್ಲಿ ಬರುವವರು ಅಲ್ಲಿಯ ನೌಕರರು ಮಾತ್ರ. ಮಾರತ್ತಹಳ್ಳಿಯಲ್ಲಿ ಕೂತು ಅದೇ ಕಕ್ಷಿದಾರನ ಕಡತ ಓದುವ ಹುಡುಗಿ ಅದರಲ್ಲಿಲ್ಲ. ಸಂಬಳದ ನೌಕರರಲ್ಲ ಎಂಬ ಕಾರಣಕ್ಕೆ ಪಾಲುದಾರರೂ ಇಲ್ಲ. ಅತಿ ಹೆಚ್ಚು ಗಳಿಸುವವರು, ಅತಿ ಕಡಿಮೆ ಗಳಿಸುವವರು ಇಬ್ಬರನ್ನೂ ಬಿಟ್ಟು ಮಾಡಿದ ಸರಾಸರಿ ಅದು.

ಇಂಗ್ಲೆಂಡಿನ ಸಾಲಿಸಿಟರುಗಳ ನಿಯಂತ್ರಣ ಪ್ರಾಧಿಕಾರದ ವೈವಿಧ್ಯ ಪ್ರಶ್ನಾವಳಿ ಲಿಂಗ, ಜನಾಂಗ, ಅಂಗವೈಕಲ್ಯದ ಜೊತೆಗೆ ಓದಿದ ಶಾಲೆ ಯಾವ ಬಗೆಯದು, 14ನೇ ವಯಸ್ಸಿನಲ್ಲಿ ಮನೆಯ ಮುಖ್ಯ ದುಡಿಮೆಗಾರ ಏನು ಕೆಲಸ ಮಾಡುತ್ತಿದ್ದರು ಎಂದೂ ಕೇಳುತ್ತದೆ. ಅಲ್ಲಿಗೆ ಅದು ಒಳ್ಳೆಯ ಪ್ರಶ್ನಾವಳಿಯೇ. ಅದನ್ನೇ ಇಲ್ಲಿಗೆ ತಂದರೆ ಜನಾಂಗದ ಅಂಕಣದಲ್ಲಿ ಎಲ್ಲರೂ 'ಏಷ್ಯನ್' ಎಂದು ಗುರುತು ಹಾಕುತ್ತಾರೆ, ವರದಿ ನೂರಕ್ಕೆ ನೂರು ವೈವಿಧ್ಯ ತೋರಿಸುತ್ತದೆ! ಇಲ್ಲಿ ಕೇಳಬೇಕಾದ್ದು ಬೇರೆ: ಮನೆಯಲ್ಲಿ ಮೊದಲ ಪದವೀಧರರೇ, ಹತ್ತನೇ ತರಗತಿಯವರೆಗೆ ಯಾವ ಮಾಧ್ಯಮ, ಯಾವ ತಾಲ್ಲೂಕು, ಮತ್ತು ಹೇಳಲು ಒಪ್ಪಿದವರಿಂದ ಜಾತಿಯ ವರ್ಗ. ಉತ್ತರ ಐಚ್ಛಿಕವಾಗಿರಬೇಕು, ಹೆಸರಿನ ಕಡತದಿಂದ ಪ್ರತ್ಯೇಕವಾಗಿರಬೇಕು. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಸಂಖ್ಯೆಯನ್ನು ಪ್ರಕಟಿಸಬಾರದು. ಒಂಬತ್ತು ಜನರ ತಂಡದಲ್ಲಿ 'ಅಂಗವಿಕಲರು: 1' ಎಂದು ಅಚ್ಚು ಮಾಡಿದರೆ ಅದು ಅಂಕಿ ಅಂಶವಲ್ಲ, ಒಬ್ಬರ ಗುಟ್ಟು ಬಯಲು.

ಇನ್ನೊಂದು ಗೊಂದಲ ಅಮೆರಿಕದಿಂದ ಬಂದದ್ದು. 2025ರ ಮಾರ್ಚ್‌ನಲ್ಲಿ ಅಲ್ಲಿಯ ಸಮಾನ ಉದ್ಯೋಗಾವಕಾಶ ಆಯೋಗ 20 ದೊಡ್ಡ ಕಾನೂನು ಸಂಸ್ಥೆಗಳಿಗೆ ಪತ್ರ ಬರೆದು ಅವುಗಳ ವೈವಿಧ್ಯ ಕಾರ್ಯಕ್ರಮಗಳ ವಿವರ ಕೇಳಿತು. ಹಲವು ಸಂಸ್ಥೆಗಳು ಆ ಪುಟಗಳನ್ನು ತಿದ್ದಿದವು, ಕೆಲವು ತೆಗೆದೇ ಹಾಕಿದವು. ಇಲ್ಲಿಯ ಮಾನವ ಸಂಪನ್ಮೂಲ ವಿಭಾಗವೂ ನ್ಯೂಯಾರ್ಕಿನ ಮಿಂಚಂಚೆ ಓದಿ ಕೈಕಟ್ಟಿ ಕೂತರೆ ಅದು ತಪ್ಪು ತಿಳಿವಳಿಕೆ. ಇಲ್ಲಿ ಒಳಗೊಳ್ಳುವಿಕೆಯ ಬಹುಪಾಲು ಪ್ರಧಾನ ಕಚೇರಿಯ ಔದಾರ್ಯವಲ್ಲ, ನಮ್ಮ ಸಂಸತ್ತು ಮಾಡಿದ ಕಾನೂನು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 21ನೇ ಕಲಂ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಪ್ರತಿ ಸಂಸ್ಥೆ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು, ಅದರ ಪ್ರತಿಯನ್ನು ಅಂಗವಿಕಲರ ಆಯುಕ್ತರ ಬಳಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಯಾವ ಹುದ್ದೆಗಳು ಸೂಕ್ತ, ಆಯ್ಕೆ ಹೇಗೆ, ಯಾವ ಸೌಲಭ್ಯ ಕೊಡಲಾಗುತ್ತದೆ, ಸಂಪರ್ಕ ಅಧಿಕಾರಿ ಯಾರು ಎಂಬುದೂ ಅದರಲ್ಲಿರಬೇಕು. ಲಂಡನ್ನಿನ ಜಾಗತಿಕ ನೀತಿಯನ್ನು ಗೋಡೆಗೆ ಅಂಟಿಸಿದರೆ ಇದ್ಯಾವುದೂ ಪೂರೈಸುವುದಿಲ್ಲ. ಹುದ್ದೆಗಳ ಪಟ್ಟಿ ಇಲ್ಲಿಯದಾಗಿರಬೇಕು, ಅಧಿಕಾರಿ ಈ ಕಚೇರಿಯವರಾಗಿರಬೇಕು.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರದ್ದು. ಕೈನೋವಿನಿಂದ ಟೈಪ್ ಮಾಡಲಾಗದವರು ಧ್ವನಿಯಿಂದ ಬರೆಯುವ ತಂತ್ರಾಂಶ ಕೇಳಿದರೆ 'ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ತನ್ನಿ' ಎಂದು ವಾಪಸ್ ಕಳಿಸುತ್ತಾರೆ. ಶೇ. 40 ಎಂಬುದು ಮೀಸಲಾತಿಯಂತಹ ಕೆಲವು ಸೌಲಭ್ಯಗಳ ಮಿತಿ. ಸೂಕ್ತ ಹೊಂದಾಣಿಕೆ, ಅಂದರೆ ಕೆಲಸ ಮಾಡಲು ಬೇಕಾದ ಅನುಕೂಲ ಕೇಳಲು ಆ ಮಿತಿ ದಾಟಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರಲ್ಲೇ ಹೇಳಿದೆ.

ಕಾನೂನು ಕಚೇರಿಯ ನಿಜವಾದ ಮೆಟ್ಟಿಲು ಬಾಗಿಲಲ್ಲಿಲ್ಲ, ದಾಖಲೆಯಲ್ಲಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಪರದೆ ಓದುವ ತಂತ್ರಾಂಶಕ್ಕೆ ಬರಿ ಚಿತ್ರ. ಅಕ್ಷರ ಗುರುತಿಸುವ ಓಸಿಆರ್ ಹಾಯಿಸದೆ ಅಂಧ ವಕೀಲರಿಗೆ ಕಳಿಸುವುದೆಂದರೆ ಖಾಲಿ ಹಾಳೆ ಕೊಟ್ಟಂತೆ. ಹಳೆಯ ಕನ್ನಡ ಕ್ರಯಪತ್ರಗಳಲ್ಲಿ ಓಸಿಆರ್ ಒತ್ತಕ್ಷರಗಳಲ್ಲಿ ಎಡವುವುದರಿಂದ ಒಬ್ಬರು ಕೂತು ತಾಳೆ ನೋಡಲೇಬೇಕು. ಕರಾರಿನ ಶೀರ್ಷಿಕೆಯನ್ನು ವರ್ಡ್‌ನ ಹೆಡಿಂಗ್ ಶೈಲಿಯಲ್ಲಿ ಹಾಕದೆ ಬರಿ ದಪ್ಪ ಅಕ್ಷರ ಮಾಡಿದರೆ 90 ಪುಟದ ಕರಾರಿನಲ್ಲಿ 14ನೇ ಷರತ್ತಿಗೆ ನೇರ ಹಾರಲಾಗದೆ ಮೊದಲಿನಿಂದ ಕೇಳುತ್ತಾ ಬರಬೇಕು. ಎರಡು ಕರಡುಗಳ ವ್ಯತ್ಯಾಸವನ್ನು ಕೆಂಪು, ಹಸಿರು ಬಣ್ಣದಲ್ಲಿ ಮಾತ್ರ ತೋರಿಸಿದರೆ ಬಣ್ಣಗುರುಡು ಇರುವವರಿಗೆ ಬದಲಾವಣೆಯೇ ಕಾಣದು. ಸೇರಿಸಿದ್ದಕ್ಕೆ ಅಡಿಗೆರೆ, ತೆಗೆದದ್ದಕ್ಕೆ ನಡುಗೆರೆ ಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಡ, ಕಚೇರಿಯ ಮಾದರಿ ಕಡತವನ್ನು ಒಮ್ಮೆ ತಿದ್ದಿದರೆ ಸಾಕು.

ಕಿವಿ ಕೇಳದ ಬೆಂಗಳೂರಿನ ವಕೀಲೆ ಸಾರಾ ಸನ್ನಿ 2023ರಲ್ಲಿ ಸಂಜ್ಞಾ ಭಾಷೆಯ ದುಭಾಷಿಯೊಬ್ಬರ ಮೂಲಕ ಸುಪ್ರೀಂ ಕೋರ್ಟಿನ ಮುಂದೆ, 2024ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಹಾಜರಾದರು. ನ್ಯಾಯಾಲಯಕ್ಕೆ ಸಾಧ್ಯವಾದದ್ದು ಸಭಾ ಕೊಠಡಿಗೆ ಸಾಧ್ಯವಾಗದೇ? ಗಂಟೆಗಟ್ಟಲೆ ನಡೆಯುವ ಸಭೆಗೆ ಇಬ್ಬರು ದುಭಾಷಿಗಳನ್ನು ಗೊತ್ತು ಮಾಡಿ, 20ರಿಂದ 30 ನಿಮಿಷಕ್ಕೊಮ್ಮೆ ಬದಲಿಸಬೇಕು. ಒಬ್ಬರೇ ಇದ್ದರೆ ಕೈಗಿಂತ ಮೊದಲು ಗಮನ ದಣಿಯುತ್ತದೆ, ತಪ್ಪುಗಳು ನುಸುಳುತ್ತವೆ. ಕಡತಗಳನ್ನು ಹಿಂದಿನ ದಿನವೇ ಅವರಿಗೆ ಕೊಟ್ಟು, ಗೋಪ್ಯತೆಯ ಪತ್ರಕ್ಕೆ ಸಹಿ ಪಡೆಯಬೇಕು.

ಕಟ್ಟಡದ ಮಾತು ಚಿಕ್ಕದು. ಗಾಲಿಕುರ್ಚಿಯ ಇಳಿಜಾರು 1:12 ಇರಬೇಕು, ಅಂದರೆ 15 ಸೆಂ.ಮೀ.ನ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದ. ಕಾರ್ಡ್ ಉಜ್ಜುವ ಗೇಟುಗಳಲ್ಲಿ ಒಂದಾದರೂ 900 ಮಿ.ಮೀ. ಅಗಲ ಬೇಕು. ಬೆಂಕಿಯ ಅಭ್ಯಾಸ ನಡೆದಾಗ ಲಿಫ್ಟ್ ನಿಲ್ಲುತ್ತದೆ. ಎಂಟನೇ ಮಹಡಿಯ ಗಾಲಿಕುರ್ಚಿಯವರನ್ನು ಕೆಳಗಿಳಿಸುವವರು ಯಾರೆಂದು ಹೆಸರಿಟ್ಟು ಬರೆದಿರಬೇಕು. ಇಳಿಜಾರು 'ಟೆಕ್ ಪಾರ್ಕಿನವರ ಜವಾಬ್ದಾರಿ' ಎನ್ನುವ ಬಾಡಿಗೆದಾರರು ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಷರತ್ತಾಗಿ ಬರೆಸಬಹುದು. ಕರಾರು ಬರೆಯುವುದೇ ಕಸುಬಾಗಿರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ ವಿಚಾರದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಎಡವುವ ಜಾಗ ಒಂದೇ. ದೂರು ಬಂದೊಡನೆ ಅದನ್ನು ಸಿಂಗಪುರದ ಅಥವಾ ಲಂಡನ್ನಿನ 'ಜಾಗತಿಕ ತನಿಖಾ ತಂಡ'ಕ್ಕೆ ದಾಟಿಸುತ್ತಾರೆ. ಕಾಯ್ದೆ ಹೇಳುವುದು ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿಗೂ ಲಿಖಿತ ಆದೇಶದಿಂದ ರಚಿಸಿದ ಆಂತರಿಕ ಸಮಿತಿ ಇರಬೇಕೆಂದು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆ, ನೌಕರರಿಂದ ಕನಿಷ್ಠ ಇಬ್ಬರು, ಹೊರಗಿನಿಂದ ಒಬ್ಬರು, ಒಟ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು. ಅವಧಿ ಹೆಚ್ಚೆಂದರೆ ಮೂರು ವರ್ಷ. ದೂರು ಕೊಡಲು ಮೂರು ತಿಂಗಳ ಗಡುವು, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಎದುರು ಪಕ್ಷಕ್ಕೆ ಏಳು ಕೆಲಸದ ದಿನಗಳಲ್ಲಿ ಪ್ರತಿ ಹೋಗಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ವರದಿ ಆಮೇಲಿನ ಹತ್ತು ದಿನಗಳಲ್ಲಿ, ಸಂಸ್ಥೆಯ ಕ್ರಮ 60 ದಿನಗಳಲ್ಲಿ. ಅವಧಿ ಮುಗಿದ ಸಮಿತಿ, ಅಥವಾ ಹೊರಗಿನ ಸದಸ್ಯರೇ ಇಲ್ಲದ ಸಮಿತಿ ಕೊಟ್ಟ ವರದಿ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ನೊಂದವರು ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕಾಗುತ್ತದೆ.

ಹೌಸ್‌ಕೀಪಿಂಗ್ ಮಹಿಳೆಯರೂ ಇಂಟರ್ನ್‌ಗಳೂ ಈ ಕಾಯ್ದೆಯ ರಕ್ಷಣೆಯಲ್ಲಿದ್ದಾರೆ. ಆದರೆ ಸಮಿತಿಯ ಪೋಸ್ಟರ್ ಇಂಗ್ಲಿಷಿನಲ್ಲಿ, ಅದೂ ಪಾಲುದಾರರ ಕೊಠಡಿಯ ಓಣಿಯಲ್ಲಿ ಇರುತ್ತದೆ. ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಅಚ್ಚು ಹಾಕಿಸಿ ಅವರು ಬಟ್ಟೆ ಬದಲಿಸುವ ಕೊಠಡಿಯಲ್ಲಿ ಹಚ್ಚಿ.

ಈಗ ಹೆಚ್ಚಿನವರು ಮಾತಾಡದ ಸಂಗತಿ. ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಹಾಗಾಗಿ ಸಂಸ್ಥೆಗಳ ಭಾರತೀಯ ಸಹವರ್ತಿ ಕಚೇರಿಗಳಲ್ಲಿ ಅಸೋಸಿಯೇಟ್ ವಕೀಲರಿಗೆ ಬರುವುದು ಸಂಬಳವಲ್ಲ, ಶೇ. 10ರ ಟಿಡಿಎಸ್ ಕಳೆದ ವೃತ್ತಿ ಶುಲ್ಕ. ಬೆಳಿಗ್ಗೆ ಹತ್ತಕ್ಕೆ ಬರಬೇಕು, ರಜೆಗೆ ಅನುಮತಿ ಕೇಳಬೇಕು, ಆದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಪಕ್ಕದ ಸೇವಾ ಕಂಪನಿಯಲ್ಲಿ ವಕೀಲಿ ಸನ್ನದು ಅಮಾನತಿನಲ್ಲಿಟ್ಟು ನೌಕರಿಗೆ ಸೇರಿದ ಸಹಪಾಠಿಗೆ ಇವೆಲ್ಲ ಇವೆ. 26 ವಾರದ ಸಂಬಳ ಸಹಿತ ಹೆರಿಗೆ ರಜೆಯೂ ಇದೆ, 50 ನೌಕರರಿದ್ದರೆ ಶಿಶುಪಾಲನಾ ಕೇಂದ್ರವೂ ಬೇಕು. ರಿಟೇನರ್‌ಶಿಪ್ ಪತ್ರದ (ಸಂಬಳದ ಬದಲು ವೃತ್ತಿ ಶುಲ್ಕ ಕೊಡುವ ಕರಾರಿನ) ಮೇಲಿರುವವರಿಗೆ ಹೆರಿಗೆ ರಜೆಯನ್ನು ಕಾನೂನು ತಾನಾಗಿ ಕೊಡಿಸುವುದಿಲ್ಲ, ಪತ್ರದಲ್ಲೇ ಬರೆದಿರಬೇಕು. ಎಷ್ಟು ವಾರ, ಶುಲ್ಕ ಪೂರ್ತಿಯೋ ಅರ್ಧವೋ, ವಿಮೆ ಮುಂದುವರಿಯುತ್ತದೆಯೋ ಎಂಬ ಮೂರು ಸಾಲು ಸಾಕು. 'ನಮ್ಮ ಸಂಸ್ಕೃತಿ ಕುಟುಂಬಸ್ನೇಹಿ' ಎಂಬ ವಾಕ್ಯಕ್ಕೆ ಕಾನೂನಿನ ಬಲವಿಲ್ಲ.

ರಜೆ ಕೊಟ್ಟ ಮೇಲೂ ಪೆಟ್ಟು ಬೀಳುವುದು ಕಕ್ಷಿದಾರರಿಗೆ ಬಿಲ್ ಮಾಡುವ ಗಂಟೆಗಳ ಲೆಕ್ಕದಲ್ಲಿ. ವರ್ಷಕ್ಕೆ 1,800 ಗಂಟೆ ಗುರಿ ಎಂದಿಟ್ಟುಕೊಳ್ಳಿ, ತಿಂಗಳಿಗೆ 150. 26 ವಾರ ರಜೆಯಲ್ಲಿದ್ದವರ ಗುರಿ 900ಕ್ಕೆ ಇಳಿಯಬೇಕು. ರಜೆಗೆ ಮುಂಚಿನ ತಿಂಗಳು ಕಡತ ಹಸ್ತಾಂತರಕ್ಕೆ ಹೋಗುತ್ತದೆ, ಮರಳಿದ ಮೊದಲ ತಿಂಗಳು ಕೆಲಸವೇ ಸಿಗುವುದಿಲ್ಲ, ಅವೆರಡನ್ನೂ ಅರ್ಧಕ್ಕಿಳಿಸಿದರೆ ಗುರಿ 750. ತಂತ್ರಾಂಶದಲ್ಲಿ ಇದನ್ನು ತಿದ್ದದೇ ಹೋದರೆ ಆಕೆ 760 ಗಂಟೆ ದುಡಿದಿದ್ದರೂ ಪರದೆ ಮೇಲೆ ಶೇ. 42 ಎಂದು ಬರುತ್ತದೆ, ಬೋನಸ್ ಹೋಗುತ್ತದೆ, ಬಡ್ತಿಯ ಪಟ್ಟಿಯಿಂದ ಹೆಸರು ಜಾರುತ್ತದೆ. ಯಾರೂ ತಾರತಮ್ಯ ಮಾಡಿರುವುದಿಲ್ಲ, ಎಕ್ಸೆಲ್ ಮಾಡಿರುತ್ತದೆ.

ರಾತ್ರಿ ಪಾಳಿಯದ್ದು ಇನ್ನೊಂದು. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಅಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕೆಲಸ ಮುಗಿಯುವಾಗ ಬೆಳಗಿನ ಜಾವ. ರಾತ್ರಿ ಕೆಲಸ ಮಾಡುವ ಮಹಿಳೆಯರ ವಾಹನದ ಬಗ್ಗೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಿಯಮಗಳು ವಿವರವಾಗಿವೆ: ಮಹಿಳೆಯನ್ನು ಮೊದಲು ಹತ್ತಿಸಿಕೊಳ್ಳಬಾರದು, ಕೊನೆಗೆ ಇಳಿಸಬಾರದು, ಚಾಲಕರ ಹಿನ್ನೆಲೆ ಪರಿಶೀಲಿಸಿರಬೇಕು, ಆಕೆಯ ಫೋನ್ ನಂಬರು, ವಿಳಾಸ ಅನಧಿಕೃತರ ಕೈಗೆ ಹೋಗಬಾರದು. ಒಬ್ಬರು ರಜೆ ಹಾಕಿದ ದಿನವೇ ಈ ಸರಣಿ ಕೆಡುತ್ತದೆ. ಪಾಳಿ ಮುಗಿಯುವ ಎರಡು ಗಂಟೆ ಮೊದಲು ಮಾರ್ಗವನ್ನು ಮತ್ತೆ ಹಾಕುವ ಒಬ್ಬ ಮನುಷ್ಯ ಬೇಕು, ಆ್ಯಪ್ ಒಂದರಿಂದ ಆಗದು.

ಗುತ್ತಿಗೆಯ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರ ಪಿಎಫ್, ಇಎಸ್‌ಐ ಕಟ್ಟದಿದ್ದರೆ ಅಂತಿಮ ಹೊಣೆ ಮುಖ್ಯ ಉದ್ಯೋಗದಾತರ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಮೇಲೆ ಬರುತ್ತದೆ. ಗುತ್ತಿಗೆದಾರ ಎಲ್ಲ ಕಟ್ಟಡಗಳ ನೂರಾರು ಜನರ ಒಂದೇ ಚಲನ್ ತೋರಿಸಿ ಬಿಲ್ ಪಾಸ್ ಮಾಡಿಸಿಕೊಳ್ಳುತ್ತಾನೆ. ಆ ತಿಂಗಳ ಇಸಿಆರ್‌ನಲ್ಲಿ (ಪಿಎಫ್ ಕಟ್ಟಿದ ನೌಕರರ ಮಾಸಿಕ ವಿವರಪಟ್ಟಿ) ನಿಮ್ಮ ಕಚೇರಿಯ ಹದಿನಾಲ್ಕು ಹೆಸರು, ಅವರ ಪಿಎಫ್‌ನ ಯುಎಎನ್ ಸಂಖ್ಯೆಗಳನ್ನು ಹಾಜರಾತಿಯೊಂದಿಗೆ ತಾಳೆ ನೋಡಿದ ಮೇಲೆಯೇ ಹಣ ಬಿಡಬೇಕು.

ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಬರೋಣ. ಕಂಪನಿ ಕಾಯ್ದೆಯ 135ನೇ ಕಲಂ ಪಾಲುದಾರಿಕೆ ಸಂಸ್ಥೆಗಳಿಗಾಗಲಿ ಎಲ್‌ಎಲ್‌ಪಿಗಳಿಗಾಗಲಿ (ಸೀಮಿತ ಹೊಣೆಯ ಪಾಲುದಾರಿಕೆ) ಅನ್ವಯಿಸದು. ಆದರೆ ಇಲ್ಲಿಯ ಸೇವಾ ಕಂಪನಿಯ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದರೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಖರ್ಚು ಮಾಡಲೇಬೇಕು. ಸರಾಸರಿ 6 ಕೋಟಿ ಆದರೆ 12 ಲಕ್ಷ. ತಮ್ಮ ನೌಕರರಿಗಷ್ಟೇ ಅನುಕೂಲವಾಗುವ ಕೆಲಸ, ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸ ಇದರಲ್ಲಿ ಸೇರದು. ಸ್ವಂತ ಕಚೇರಿಯ ಇಳಿಜಾರು, ಶಿಶುಪಾಲನಾ ಕೇಂದ್ರವನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ. ನೌಕರರು ಉಚಿತವಾಗಿ ಕೊಟ್ಟ ಗಂಟೆಗಳಿಗೆ ಬೆಲೆ ಕಟ್ಟಿ ಸೇರಿಸುವಂತೆಯೂ ಇಲ್ಲ. ಮಾರ್ಚ್ ಕೊನೆಯ ವಾರ ಲೋಗೋ ಇರುವ ಶಾಲಾ ಚೀಲ ಹಂಚಿ ಫೋಟೊ ತೆಗೆಸಿಕೊಳ್ಳುವುದನ್ನು ಕಾನೂನು ತಡೆಯುವುದಿಲ್ಲ. ತಡೆದರೆ ಚೆನ್ನಾಗಿತ್ತು.

ಹಣಕ್ಕಿಂತ ಇವರ ಕೈಯಲ್ಲಿರುವ ಕಸುಬು ದೊಡ್ಡದು. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ ವರ್ಷಕ್ಕೆ 50 ಗಂಟೆ ಉಚಿತ ಸೇವೆಯ ಗುರಿ ಇಡುತ್ತದೆ. ಬೆಂಗಳೂರಿನ ಕೇಂದ್ರದವರು ಕೋರ್ಟಿಗೆ ಹೋಗಲಾರರು, ಸಲಹೆ ಕೊಡಲಾರರು, ಹಾಗಾಗಿ ಅವರ 50 ಗಂಟೆ ಗಿಡ ನೆಡುವುದಕ್ಕೆ ಹೋಗುತ್ತದೆ. ಸಾವಿರಾರು ದಾಖಲೆಗಳನ್ನು ಓದಿ, ಬೇಕಾದ ದಿನಾಂಕ ಹೆಕ್ಕಿ, ಕೋಷ್ಟಕ ಮಾಡುವುದು ಇವರ ದಿನನಿತ್ಯದ ಕೆಲಸ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಹಿಂದೆ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಉಳಿದವರು ಅರ್ಧ ಕಳೆದಿದ್ದರೆ. ಮೂರು ವರ್ಷದವರೆಗಿನ ಶಿಕ್ಷೆಯ ಕಳ್ಳತನಕ್ಕೆ ಒಂದು ವರ್ಷ. ಮರಣದಂಡನೆ, ಜೀವಾವಧಿಯ ಅಪರಾಧಗಳು ಇದರ ಹೊರಗೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೂ ಇಲ್ಲ. ಜೈಲಿನ ವಾರಂಟಿನಿಂದ ಬಂಧನದ ದಿನಾಂಕ, ಕಲಂಗಳು, ಗರಿಷ್ಠ ಶಿಕ್ಷೆ, ಬೇರೆ ಪ್ರಕರಣ ಇದೆಯೇ, ಅರ್ಹತೆಯ ದಿನಾಂಕ ಎಂಬ ಐದು ಅಂಕಣ ತುಂಬಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಟ್ಟರೆ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಕೆಲಸ ಹಗುರಾಗುತ್ತದೆ. ಅರ್ಜಿ ಹಾಕುವುದು, ವಾದಿಸುವುದು ಪ್ರಾಧಿಕಾರದ ಪಟ್ಟಿಯ ವಕೀಲರು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಪ್ರಾಧಿಕಾರದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು, ಕಡತ ಸಂಸ್ಥೆಯ ವಿದೇಶಿ ಸರ್ವರಿಗೆ ಹೋಗದಂತೆ ಪ್ರಾಧಿಕಾರದ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಷರತ್ತು ಹಾಕಬೇಕು. ಈ ಗಂಟೆಗಳನ್ನು ವಾರ್ಷಿಕ ಗುರಿಗೆ ಸೇರಿಸದಿದ್ದರೆ ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ.

ಕೊನೆಯದಾಗಿ ನೇಮಕಾತಿ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು ಬಂದವರನ್ನು ಈ ಸಂಸ್ಥೆಗಳು ಉಚ್ಚಾರಣೆ ಕೇಳಿಯೇ ಬದಿಗಿಡುತ್ತವೆ. ಆಮೇಲೆ ಹೂಡಿಕೆದಾರರ ಜಮೀನು ಪರಿಶೀಲನೆಗೆ ಪಹಣಿ, ಮ್ಯುಟೇಶನ್, ಹಳೆಯ ಪಾಲುಪಟ್ಟಿ ಓದಿಸಲು ಅನುವಾದಕರಿಗೆ ಪುಟದ ಲೆಕ್ಕದಲ್ಲಿ ಹಣ ಕೊಡುತ್ತವೆ. ಸಂದರ್ಶನದ ಮೊದಲ ಸುತ್ತನ್ನು ಮಾತಿನ ಬದಲು ಬರಹದಲ್ಲಿ ಮಾಡಲಿ: 40 ಪುಟದ ಕರಾರು ಕೊಟ್ಟು, ಮಾಲೀಕತ್ವ ಬದಲಾದರೆ ಏನಾಗುತ್ತದೆಂಬ ಷರತ್ತನ್ನು ಹುಡುಕಿ 200 ಪದಗಳಲ್ಲಿ ಬರೆಯಿರಿ ಎನ್ನಲಿ, ಜೊತೆಗೆ ಒಂದು ಕನ್ನಡ ಕ್ರಯಪತ್ರ ಕೊಟ್ಟು ಚಕ್ಕುಬಂದಿಯಲ್ಲಿ ದೋಷವಿದೆಯೇ ಎಂದು ಕೇಳಲಿ. ಹೆಸರು, ಕಾಲೇಜು ಮುಚ್ಚಿ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಲಿ. ಇಂಟರ್ನ್‌ಶಿಪ್‌ಗೆ ಹಣ ಕೊಡಲಿ. ಕೊಪ್ಪಳದಿಂದ ಬಂದ ವಿದ್ಯಾರ್ಥಿಗೆ ಇಲ್ಲಿ ಒಂದು ತಿಂಗಳ ಪಿ.ಜಿ. ಬಾಡಿಗೆಯೇ ಬಾಗಿಲು ಮುಚ್ಚುತ್ತದೆ. ನಗರದ ಕಿರಿಯ ವಕೀಲರಿಗೆ ತಿಂಗಳಿಗೆ 20,000 ರೂಪಾಯಿ ಕೊಡಿ ಎಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು; ಕಡ್ಡಾಯವಲ್ಲದಿದ್ದರೂ ಡಾಲರಿನಲ್ಲಿ ಬಿಲ್ ಮಾಡುವವರಿಗೆ ಇದು ಕನಿಷ್ಠವಾಗಬೇಕು.

ಕಾನೂನು ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಕ್ಯಾಂಪಸ್ಸಿಗೆ ಬರುವ ಸಂಸ್ಥೆಯಿಂದ ಆಂತರಿಕ ಸಮಿತಿಯ ಆದೇಶದ ಪ್ರತಿ, ನೋಂದಾಯಿತ ಸಮಾನ ಅವಕಾಶ ನೀತಿ, ಮಾದರಿ ರಿಟೇನರ್‌ಶಿಪ್ ಪತ್ರ ಈ ಮೂರನ್ನು ಸಂದರ್ಶನದ ದಿನಾಂಕ ಕೊಡುವ ಮುನ್ನವೇ ತರಿಸಿಕೊಳ್ಳಬಹುದು. ಮೂರೂ ಇಲ್ಲಿಯ ಕಚೇರಿಯಲ್ಲಿರಬೇಕಾದ ಕಾಗದಗಳೇ. ಹುಡುಕಲು ಅರ್ಧ ದಿನಕ್ಕಿಂತ ಹೆಚ್ಚು ಬೇಕಾದರೆ ವಿದ್ಯಾರ್ಥಿಗಳಿಗೆ ಆ ವಿಷಯವನ್ನೂ ತಿಳಿಸಿ.

— ಕಾರ್ಮಿಕ ಮತ್ತು ಕಂಪನಿ ಕಾನೂನು ಕ್ಷೇತ್ರದ ಕೆಲವು ವಕೀಲರು, ಬೆಂಗಳೂರು